ಯಾರೂ ಕೊಳ್ಳದ ಪ್ಲೇಟುಗಳು

ಇಂಗ್ಲೆಂಡಿನ ಯಾವುದೇ ಪೇಟೆಯಲ್ಲಿ, ಜನ ದಾನ ಕೊಟ್ಟ ಹಳೇ ಸಾಮಾನು ಮಾರುವ ಚಾರಿಟಿ ಅಂಗಡಿಗೆ ಹೋಗಿ ನೋಡಿ. ಹಳೇ ಕೋಟು, ಜಿಗ್‌ಸಾ ಪೆಟ್ಟಿಗೆ, ಜೋಡಿ ತಪ್ಪಿದ ಟೀ ಕಪ್ಪುಗಳ ನಡುವೆ ಕೆಳಗೆಲ್ಲೋ 7 ಇಂಚಿನ ರೆಕಾರ್ಡುಗಳ ಒಂದು ಡಬ್ಬ ಇರುತ್ತದೆ. ಅದರೊಳಗೆ ಬೆರಳಾಡಿಸಿದರೆ ಪಾಲಿಡಾರ್ ಕಂಪನಿಯ ಕೆಂಪು ಲೇಬಲ್ ಮೇಲೆ ‘ಸ್ಲೇಡ್’ ಅಂತ ಒಂದು ರಾಕ್ ತಂಡದ ಹೆಸರಿರುವ ಒಂದು ಪ್ಲೇಟಾದರೂ ಕೈಗೆ ಸಿಗುವುದು ಹೆಚ್ಚುಕಮ್ಮಿ ಖಾತ್ರಿ. ಬೆಲೆ ಒಂದೆರಡು ಪೌಂಡು. ಹೊರಗಡೆ ಕುಡಿಯುವ ಕಾಫಿಗಿಂತ ಕಡಿಮೆ. ಒಂದು ಕಾಲದಲ್ಲಿ ಇಡೀ ದೇಶವೇ ನೆಲ ಗುದ್ದಿ ಕುಣಿದ ಹಾಡು ಅದರಲ್ಲಿರುತ್ತದೆ.

ಅದೇ ತಂಡದ 1977ರದ್ದೋ 1979ರದ್ದೋ ಒಂದು ಪ್ಲೇಟು ಬೇಕು ಅಂತ ಹೊರಡಿ. ಆಗ ಗೊತ್ತಾಗುತ್ತದೆ ಕಷ್ಟ. ಅಂಗಡಿ ಅಂಗಡಿ ಸುತ್ತಬೇಕು, ರೆಕಾರ್ಡ್ ಫೇರ್‌ಗಳಲ್ಲಿ ಬೆನ್ನು ಬಗ್ಗಿಸಿ ಡಬ್ಬ ತಡಕಬೇಕು. ಸಿಕ್ಕರೂ ಹಿಟ್ ಹಾಡುಗಳ ಬೆಲೆಗೆ ಸಿಗುವುದಿಲ್ಲ. ಕಾರಣ ಸರಳವಾಗಿದೆ. ಆ ಹಾಡುಗಳನ್ನು ಆಗ ಯಾರೂ ಕೊಳ್ಳಲಿಲ್ಲ. ಕೊಳ್ಳದೇ ಇದ್ದದ್ದು ಇವತ್ತು ಎಲ್ಲಿಂದ ಸಿಗಬೇಕು?

ಗೆದ್ದ ಹಾಡು ಅಗ್ಗ, ಸೋತ ಹಾಡು ದುಬಾರಿ. ಸ್ಲೇಡ್ ತಂಡದ ಸಿಂಗಲ್‌ಗಳನ್ನು, ಅಂದರೆ ಒಂದೊಂದು ಹಾಡಿಗಾಗಿಯೇ ಬಂದ ಸಣ್ಣ ಪ್ಲೇಟುಗಳನ್ನು, ಕೂಡಿಡಲು ಶುರು ಮಾಡಿದ ಮೇಲೆ ನನ್ನ ಮನಸ್ಸಿಗೆ ನಾಟಿದ ಸಂಗತಿ ಇದು. ಸೋತ ಹಾಡನ್ನು ಅಷ್ಟು ಹುಡುಕಿ, ಅಷ್ಟು ಕೊಟ್ಟು ತಂದ ಮೇಲೆ ಕಿವಿಗೊಟ್ಟು ಕೇಳದೆ ಇರಲು ಆಗುವುದಿಲ್ಲ. ಹಾಗೆ ಕೇಳುತ್ತಾ ಕೇಳುತ್ತಾ ನನಗೆ ಈ ತಂಡದ ಬಗ್ಗೆ ಇದ್ದ ಪ್ರೀತಿಯ ಜಾಗವೇ ಬದಲಾಯಿತು. ಯಾರೂ ಇವರ ಕಡೆ ತಿರುಗಿ ನೋಡದ ವರ್ಷಗಳ ಬಗ್ಗೆಯೇ ನನಗೆ ಜಾಸ್ತಿ ಹೇಳಬೇಕಿದೆ. ಆದರೆ ಗೆದ್ದ ಕಥೆ ಗೊತ್ತಿಲ್ಲದೆ ಅದು ಅರ್ಥವಾಗುವುದಿಲ್ಲ.

ಸ್ಲೇಡ್ ಅಂದರೆ ನಾಲ್ಕು ಜನ. ಹಾಡುವವರು ನಾಡಿ ಹೋಲ್ಡರ್. ಬೇಸ್ ಗಿಟಾರ್, ಪಿಯಾನೊ, ವಯಲಿನ್ ಎಲ್ಲಕ್ಕೂ ಜಿಮ್ ಲೀ. ಗಿಟಾರ್‌ಗೆ ಡೇವ್ ಹಿಲ್. ಡ್ರಮ್ಸ್‌ಗೆ ಡಾನ್ ಪವೆಲ್. 1971ರಿಂದ 1974ರವರೆಗೆ ಬ್ರಿಟನ್ನಿನಲ್ಲಿ ಇವರನ್ನು ಹಿಡಿಯುವವರೇ ಇರಲಿಲ್ಲ. ‘ಕಾಜ್ ಐ ಲವ್ ಯು’ ಇಂದ ಹಿಡಿದು ‘ಫಾರ್ ಫಾರ್ ಅವೇ’ವರೆಗೆ ಸಾಲಾಗಿ 12 ಸಿಂಗಲ್‌ಗಳು ವಾರವಾರದ ಮಾರಾಟದ ಪಟ್ಟಿಯಾದ ಚಾರ್ಟಿನ ಮೊದಲ ಐದು ಸ್ಥಾನಗಳ ಒಳಗೇ ಬಂದವು. ಅದರಲ್ಲಿ 6 ಹಾಡುಗಳಿಗೆ ಮೊದಲ ಸ್ಥಾನ. 1973ರಲ್ಲಂತೂ ಮೂರು ಹಾಡುಗಳು ಬಿಡುಗಡೆಯಾದ ವಾರವೇ ನೇರವಾಗಿ ಒಂದನೇ ಸ್ಥಾನಕ್ಕೆ ಹೋಗಿ ಕೂತವು. ಅವುಗಳಲ್ಲಿ ಮೊದಲನೆಯದು ‘ಕಮ್ ಆನ್ ಫೀಲ್ ದ ನಾಯ್ಸ್’. 1969ರಲ್ಲಿ ಬೀಟಲ್ಸ್ ಅವರ ‘ಗೆಟ್ ಬ್ಯಾಕ್’ ಆದ ಮೇಲೆ ಹಾಗೆ ಯಾರಿಗೂ ಆಗಿರಲಿಲ್ಲ. ಇವರ ಮ್ಯಾನೇಜರ್ ಚಾಸ್ ಚಾಂಡ್ಲರ್. ಹಿಂದೆ ಆನಿಮಲ್ಸ್ ತಂಡದಲ್ಲಿ ಬೇಸ್ ನುಡಿಸಿದವರು, ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನನ್ನು ಇಂಗ್ಲೆಂಡಿಗೆ ಕರೆತಂದವರು.

ಈ ನಾಲ್ವರೂ ಬೆಳೆದದ್ದು ಬರ್ಮಿಂಗ್‌ಹ್ಯಾಮ್ ಪಕ್ಕದ ವುಲ್ವರ್‌ಹ್ಯಾಂಪ್ಟನ್, ವಾಲ್ಸಾಲ್, ಬಿಲ್ಸ್ಟನ್ ಕಡೆ. ಆ ಸೀಮೆಗೆ ಬ್ಲ್ಯಾಕ್ ಕಂಟ್ರಿ ಅಂತಲೇ ಹೆಸರು. ಕಲ್ಲಿದ್ದಲು, ಕಬ್ಬಿಣ, ಕುಲುಮೆಯ ಹೊಗೆ. ವಿಲೆನ್‌ಹಾಲ್‌ನಲ್ಲಿ ಬೀಗ, ವಾಲ್ಸಾಲ್‌ನಲ್ಲಿ ಕುದುರೆ ಜೀನು, ಕ್ರೇಡ್ಲಿ ಹೀತ್‌ನಲ್ಲಿ ಸರಪಳಿ. ಒಂದೊಂದು ಊರಿಗೂ ಒಂದೊಂದು ಕಸುಬು. ಹೋಲ್ಡರ್ ಅವರ ತಂದೆ ಮನೆ ಮನೆಯ ಕಿಟಕಿ ಒರೆಸುತ್ತಿದ್ದರು. ಪವೆಲ್ ಲೋಹದ ಕೆಲಸ ಕಲಿತು ಫೌಂಡ್ರಿಯಲ್ಲಿ ದುಡಿದವರು. ಅದೇ ಫೌಂಡ್ರಿಗಳಿಗೆ ಅದೇ ಕಾಲದಲ್ಲಿ ಪಂಜಾಬಿನಿಂದ ಸಾವಿರಾರು ಜನ ಕೆಲಸಕ್ಕೆ ಬಂದರು. ಕೆಲಸದ ಮೇಲೆ ಈ ಕಡೆ ಬಂದು ನೆಲೆಸಿದ ನನಗೆ ಈ ಊರುಗಳು ಬೇಗ ಹತ್ತಿರವಾದದ್ದಕ್ಕೆ ಆ ಜನವೂ ಒಂದು ಕಾರಣ.

ಸ್ಲೇಡ್ ತಮ್ಮ ಹಾಡಿನ ಹೆಸರುಗಳನ್ನು ತಮ್ಮ ಊರಿನಲ್ಲಿ ಆಡುವ ಹಾಗೇ ಬರೆದರು. ಕಾಗುಣಿತದ ಗೊಡವೆಗೆ ಹೋಗಲಿಲ್ಲ. ಮಕ್ಕಳು ಇದನ್ನೇ ನೋಡಿ ಕಲಿತರೆ ಗತಿಯೇನು ಅಂತ ಮೇಷ್ಟ್ರುಗಳು ಮೂಗು ಮುರಿದರು. ಲಂಡನ್ನಿನವರ ಕಿವಿಗೆ ಒರಟು ಅನ್ನಿಸುವ ಮಾತನ್ನು ಲಕ್ಷಗಟ್ಟಲೆ ಲೇಬಲ್‌ಗಳ ಮೇಲೆ ಅಚ್ಚು ಹಾಕಿಸಿದ್ದು ನನಗೆ ದೊಡ್ಡ ಧೈರ್ಯವಾಗಿಯೇ ಕಾಣುತ್ತದೆ. ಇವತ್ತು ವಾಲ್ಸಾಲ್‌ನ ನ್ಯೂ ಆರ್ಟ್ ಗ್ಯಾಲರಿಗೆ ಹೋದರೆ ಲಿಫ್ಟಿನಲ್ಲಿ ಮಹಡಿ ಹೇಳುವ ದನಿ ಹೋಲ್ಡರ್ ಅವರದ್ದು. ಊರಿನವರು ಅವರನ್ನು ಹಾಗೆ ಉಳಿಸಿಕೊಂಡಿದ್ದಾರೆ. ಆ ಲಿಫ್ಟಿನಲ್ಲಿ ಸುಮ್ನೆ ಒಂದು ಸಲ ಮೇಲೆ ಕೆಳಗೆ ಹೋಗಿ ಬನ್ನಿ, ಖುಷಿಯಾಗುತ್ತದೆ.

ಇನ್ನು ಪ್ಲೇಟಿನ ಮಾತು. ನಮ್ಮಲ್ಲಿ 45 ಆರ್‌ಪಿಎಂ ಪ್ಲೇಟು ಅಂದರೆ ಎಚ್‌ಎಂವಿಯ ಸಿನಿಮಾ ಇಪಿ. ಒಂದು ಕಡೆ ಎರಡು ಹಾಡು, ಇನ್ನೊಂದು ಕಡೆ ಎರಡು, ಕವರ್ ಮೇಲೆ ರಾಜ್‌ಕುಮಾರ್ ಚಿತ್ರ. ಮನೆಯಲ್ಲಿ ಹಳೇ ಪ್ಲೇಟು ಇದ್ದವರಿಗೆ ಇದು ಗೊತ್ತು. ಪಾಲಿಡಾರ್ ಕೂಡ ನಮಗೆ ಹೊಸದಲ್ಲ. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ ‘ಶೋಲೆ’ಯ ಹಾಡು ಮತ್ತು ಡೈಲಾಗ್ ರೆಕಾರ್ಡು ತಂದದ್ದು ಅದೇ ಕಂಪನಿ. ಆದರೆ ಬ್ರಿಟಿಷ್ ಸಿಂಗಲ್‌ನ ರೀತಿ ಬೇರೆ. ಒಂದು ಕಡೆ ಒಂದೇ ಹಾಡು. ಹಿಂದೆ ಇನ್ನೊಂದು. ಸ್ಲೇಡ್‌ನ ಹಿಟ್‌ಗಳು ಹೆಚ್ಚಾಗಿ ಚಿತ್ರವೂ ಇಲ್ಲದ ಬರೀ ಕಂಪನಿ ಕವರಿನಲ್ಲಿ ಬಂದವು. ಬಣ್ಣದ ಚಿತ್ರದ ಕವರ್ ಬೇಕು ಅಂದರೆ ಜರ್ಮನಿ, ಹಾಲೆಂಡ್, ಫ್ರಾನ್ಸ್, ಜಪಾನಿನ ಪ್ರತಿಗಳನ್ನು ಹುಡುಕಬೇಕು. ಕವರಿಗಾಗಿ ಅವುಗಳ ಹಿಂದೆ ಬೀಳುವವರು ಬಹಳ. ನನಗೆ ಆ ಬರೀ ಕಾಗದದ ಚೀಲವೇ ಇಷ್ಟ. ಅಂಗಡಿಯವನು ಕೌಂಟರಿನ ಹಿಂದಿನಿಂದ ತೆಗೆದು ಕೊಡುತ್ತಿದ್ದದ್ದು ಅದನ್ನೇ ಅಲ್ವಾ.

ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅದರ ಚರಿತ್ರೆ ಕಾಣುತ್ತದೆ. ಲೇಬಲ್‌ನ ನಡುವೆ ತೂತಿನ ಸುತ್ತ ಕೂದಲೆಳೆಯಂಥ ಸಣ್ಣ ಗೀರುಗಳು ಇರುತ್ತವೆ. ಪ್ಲೇಟನ್ನು ಟರ್ನ್‌ಟೇಬಲ್ ಮೇಲೆ ಇಡುವಾಗ ನಡುವಿನ ಮೊಳೆ ಒಂದೇ ಸಲಕ್ಕೆ ತೂತಿಗೆ ಕೂರುವುದಿಲ್ಲ. ಲೇಬಲ್ ಮೇಲೆ ಆ ಕಡೆ ಈ ಕಡೆ ಉಜ್ಜುತ್ತದೆ. ಒಂದೊಂದು ಗೀರೂ ಯಾರೋ ಆ ಹಾಡನ್ನು ಇನ್ನೊಮ್ಮೆ ಹಾಕಿದ್ದರ ಗುರುತು. ನನ್ನ ಬಳಿ ಇರುವ ‘ಮಾಮಾ ವಿಯರ್ ಆಲ್ ಕ್ರೇಜಿ ನೌ’ ಪ್ರತಿಯಲ್ಲಿ ತೂತಿನ ಸುತ್ತ ಜೇಡರ ಬಲೆಯ ಹಾಗೆ ಗೀರುಗಳು ತುಂಬಿವೆ. ಗೆರೆಗಳು ಸವೆದು ಬೂದಿ ಬಣ್ಣಕ್ಕೆ ತಿರುಗಿವೆ. ಲೇಬಲ್ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಒಂದು ಹುಡುಗಿಯ ಹೆಸರು. ಪಾರ್ಟಿಗೆ ಕೊಂಡೊಯ್ದ ಪ್ಲೇಟು ಬೇರೆಯವರ ಪ್ಲೇಟಿನ ಜೊತೆ ಕಲೆಯಬಾರದು ಅಂತ ಆಗಿನವರು ಹೀಗೆ ಹೆಸರು ಬರೆಯುತ್ತಿದ್ದರು. ವ್ಯಾಪಾರಿಗಳ ಭಾಷೆಯಲ್ಲಿ ಅದು ‘ಡ್ಯಾಮೇಜ್’. ಹೆಸರು ಬರೆದ ಪ್ರತಿಗೆ ಬೆಲೆ ಇಳಿಯುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಇದನ್ನು ದುಡ್ಡು ಕೊಟ್ಟು ತಂದು ತನ್ನದು ಅಂತ ಹೇಳಿಕೊಂಡ ಒಬ್ಬಳಿದ್ದಳು ಅನ್ನುವುದು ಗೊತ್ತಾದರೆ ಪ್ಲೇಟಿನ ಬೆಲೆ ಏರಬೇಕು.

ಕೆಲವು ಪ್ರತಿಗಳ ನಡುವಿನ ಭಾಗವನ್ನೇ ಕಿತ್ತು ದೊಡ್ಡ ತೂತು ಮಾಡಿರುತ್ತಾರೆ. ಅವು ಪಬ್ಬಿನ ಜೂಕ್‌ಬಾಕ್ಸಿನಲ್ಲಿ ದುಡಿದು ಬಂದವು. ಜೂಕ್‌ಬಾಕ್ಸಿನಿಂದ ತೆಗೆದ ಮೇಲೆ ಅಂಗಡಿಗಳು ಅವನ್ನು ಅಗ್ಗಕ್ಕೆ ಮಾರುತ್ತಿದ್ದವು. ಮನೆಯಲ್ಲಿ ನುಡಿಸಬೇಕಾದರೆ ನಡುವೆ ಒಂದು ಪ್ಲಾಸ್ಟಿಕ್ ಬಿಲ್ಲೆ ಸಿಕ್ಕಿಸಬೇಕು.

ಹಳೇ ಪ್ಲೇಟು ತಂದ ಕೂಡಲೇ ಸೂಜಿ ಇಳಿಸಬಾರದು. ಮೊದಲು ಕಾರ್ಬನ್ ಫೈಬರ್ ಬ್ರಶ್ಶಿನಲ್ಲಿ ಧೂಳು ತೆಗೆಯಬೇಕು. ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ ಗೆರೆಯ ಸುತ್ತಿನ ದಿಕ್ಕಿನಲ್ಲೇ ಒರೆಸಬೇಕು. ಲೇಬಲ್ ಒದ್ದೆಯಾಗಬಾರದು. ಒಣಗಿದ ಮೇಲೆ ಹೊಸ ಒಳಚೀಲಕ್ಕೆ ಹಾಕಿ ಹಳೇ ಚೀಲವನ್ನು ಜೊತೆಗೇ ಇಡುತ್ತೇನೆ. ಇಷ್ಟು ಮಾಡಿದರೆ ನುಡಿಯುವುದೇ ಇಲ್ಲ ಅನ್ನಿಸಿದ ಪ್ಲೇಟೂ ಬಾಯಿ ಬಿಡುತ್ತದೆ.

ಬಾಯಿ ಬಿಟ್ಟರೆ ಸ್ಲೇಡ್ ಪ್ಲೇಟಿನ ಸದ್ದೇ ಸದ್ದು. 45ರ ವೇಗದಲ್ಲಿ ಓಡುವ 7 ಇಂಚಿನ ಪ್ಲೇಟಿನಲ್ಲಿ ಒಂದು ಕಡೆಗೆ ಮೂರು ನಾಲ್ಕು ನಿಮಿಷದ ಹಾಡು. ಜಾಗ ಧಾರಾಳ. ಗೆರೆಗಳನ್ನು ಅಗಲವಾಗಿ, ಜೋರಾಗಿ ಕೊರೆಯಬಹುದು. ಒಂದೇ ಸ್ಪೀಕರಿನ ಅಗ್ಗದ ಪ್ಲೇಯರಿನಲ್ಲೂ ರೂಮು ನಡುಗಬೇಕು ಅನ್ನುವ ಹಾಗೆ ಈ ಹಾಡುಗಳನ್ನು ಕಟ್ಟಿದ್ದಾರೆ. 1971ರ ‘ಗೆಟ್ ಡೌನ್ ಅಂಡ್ ಗೆಟ್ ವಿತ್ ಇಟ್’ಗೆ ಲಂಡನ್ನಿನ ಒಲಿಂಪಿಕ್ ಸ್ಟುಡಿಯೊದ ಮೆಟ್ಟಿಲಿನ ಬಳಿ ನಿಂತು ಚಪ್ಪಾಳೆ ಹೊಡೆದು, ಬೂಟುಗಾಲಿನಲ್ಲಿ ನೆಲ ಗುದ್ದಿ ಆ ಸದ್ದನ್ನು ಹಿಡಿದರು. 16ನೇ ಸ್ಥಾನಕ್ಕೆ ಬಂದ ಅದೇ ಅವರ ಮೊದಲ ಹಿಟ್. ಚಪ್ಪಾಳೆ, ಬೂಟುಗಾಲು, ಹೋಲ್ಡರ್ ಅವರ ಗಂಟಲು, ಇಷ್ಟೇ ಬಂಡವಾಳ ಅನ್ನುವ ಹಾಗೆ ಕೇಳುತ್ತದೆ. ಆದರೆ ಒಂದು ವಿಷಯ ಗಮನಿಸಬೇಕು. ಸೂಜಿ ಒಳಕ್ಕೆ ಹೋದ ಹಾಗೆಲ್ಲ ಸುತ್ತು ಚಿಕ್ಕದಾಗುತ್ತದೆ. ಅದರ ಕೆಳಗೆ ಗೆರೆ ಓಡುವ ವೇಗ ಕಮ್ಮಿಯಾಗಿ ದನಿ ಸ್ವಲ್ಪ ಒಡೆಯುತ್ತದೆ. ಸ್ಲೇಡ್ ಹಾಡುಗಳಲ್ಲಿ ಎಲ್ಲರೂ ಸೇರಿ ಕೂಗುವ ಪಲ್ಲವಿ ಬಂದು ರಾಶಿ ಬೀಳುವುದು ಸರಿಯಾಗಿ ಅಲ್ಲೇ. ಆ ಒಡಕು ದನಿ ಇಲ್ಲದೆ ಫೋನಿನಲ್ಲಿ ಕೇಳಿದರೆ ನನಗೆ ಏನೋ ಕಡಿಮೆ ಅನ್ನಿಸುತ್ತದೆ.

ಹಾಡು ಮುಗಿಯಿತು ಅಂತ ಎದ್ದು ಹೋಗಬೇಡಿ. ಪ್ಲೇಟು ತಿರುವಿ ಹಾಕಿ. ಬಿ ಸೈಡ್‌ಗೆ ರೇಡಿಯೊ ಇಲ್ಲ, ಟೀವಿ ಇಲ್ಲ, ಚಾರ್ಟಿನ ಚಿಂತೆ ಇಲ್ಲ. ಆದರೆ ಪ್ರತಿ ಮಾರಾಟಕ್ಕೂ ಎರಡು ಕಡೆಯ ಹಾಡು ಬರೆದವರಿಗೂ ಒಂದೇ ಸಮ ರಾಯಲ್ಟಿ. ಹಾಗಾಗಿ ಅಲ್ಲಿ ತಮಗೆ ಖುಷಿ ಕಂಡದ್ದನ್ನು ಮಾಡಬಹುದಿತ್ತು. 1973ರ ‘ಸ್ಕ್ವೀಜ್ ಮಿ ಪ್ಲೀಜ್ ಮಿ’ ತಿರುವಿ ಹಾಕಿದರೆ ‘ಕಿಲ್ ಎಮ್ ಅಟ್ ದ ಹಾಟ್ ಕ್ಲಬ್ ಟುನೈಟ್’ ಅಂತ ಒಂದು ಹಾಡಿದೆ. ಮುಂಭಾಗದ ಹಾಡಿನ ಗದ್ದಲ ಇದರಲ್ಲಿಲ್ಲ. ಪ್ಯಾರಿಸ್ಸಿನಲ್ಲಿ 1930ರ ದಶಕದಲ್ಲಿ ಜ್ಯಾಂಗೊ ರೈನಾರ್ಟ್ ಗಿಟಾರ್, ಸ್ಟೆಫಾನ್ ಗ್ರಾಪೆಲಿ ವಯಲಿನ್ ನುಡಿಸುತ್ತಿದ್ದ ಜಾಜ್ ಶೈಲಿಯ ನೇರ ನೆನಪು ಅದು. ಹುಡುಗನಾಗಿದ್ದಾಗ ಸ್ಟಾಫರ್ಡ್‌ಶೈರಿನ ಯುವಕರ ಆರ್ಕೆಸ್ಟ್ರಾದಲ್ಲಿ ವಯಲಿನ್ ನುಡಿಸಿದ ಜಿಮ್ ಲೀ ಇಲ್ಲಿ ಕಾಣಿಸಿಕೊಳ್ಳುತ್ತಾರೆ. ಬೂಟಿನ ಸದ್ದಿನ ಹಿಂದೆ ಇಂಥ ಕಿವಿ ಇತ್ತು. ಮೊದಲ ಸ್ಥಾನದ ಹಾಡಿನ ಬೆನ್ನಿಗೆ ಅಂಟಿಕೊಂಡು ಈ ಜಾಜ್ ತುಣುಕು ಲಕ್ಷಾಂತರ ಮನೆಗಳ ಒಳಗೆ ಹೋಯಿತು. ಎಷ್ಟು ಮನೆಗಳಲ್ಲಿ ನುಡಿಯಿತೋ!

ಅದೇ ಪ್ಲೇಟು ಒಂದನೇ ಸ್ಥಾನದಲ್ಲಿರುವಾಗಲೇ ಆ ಅಪಘಾತ ಆದದ್ದು. ಜುಲೈ 1ರಂದು ಲಂಡನ್ನಿನ ಅರ್ಲ್ಸ್ ಕೋರ್ಟಿನಲ್ಲಿ ತುಂಬಿದ ಕಾರ್ಯಕ್ರಮ. ಜುಲೈ 4ರಂದು ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಡಾನ್ ಪವೆಲ್ ಇದ್ದ ಕಾರು ಅಪಘಾತಕ್ಕೆ ಸಿಕ್ಕಿತು. ಜೊತೆಗಿದ್ದ ಅವರ ಪ್ರೇಯಸಿ ತೀರಿಕೊಂಡಳು. ಪವೆಲ್ ಬದುಕಿದ್ದೇ ಹೆಚ್ಚು. ವಾಸನೆ, ರುಚಿ ಹೊರಟುಹೋದವು. ಆಗಷ್ಟೇ ನಡೆದದ್ದು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಆಮೇಲೆ ವರ್ಷಗಟ್ಟಲೆ ಡೈರಿ ಬರೆದಿಟ್ಟುಕೊಂಡೇ ದಿನ ನಡೆಸಿದರು.

ಆ ಸ್ಥಿತಿಯಲ್ಲೇ ತಂಡ ಅಮೆರಿಕಕ್ಕೆ ಹೋಯಿತು. ನ್ಯೂಯಾರ್ಕಿನ ಬೇಸಿಗೆಯ ಸೆಖೆಯಲ್ಲಿ, ರೆಕಾರ್ಡ್ ಪ್ಲಾಂಟ್ ಸ್ಟುಡಿಯೊದಲ್ಲಿ ಕ್ರಿಸ್‌ಮಸ್ ಹಾಡನ್ನು ಧ್ವನಿಮುದ್ರಿಸಿದರು. ಪೂರ್ತಿ ಹಾಡು ನೆನಪಿಡಲು ಆಗದ ಡ್ರಮ್ಮರ್ ತುಂಡು ತುಂಡಾಗಿ ನುಡಿಸಿದರು. ‘ಮೆರ್ರಿ ಕ್ರಿಸ್‌ಮಸ್ ಎವ್ರಿಬಡಿ’ ಹೊರಬಂದದ್ದು 1973ರ ಡಿಸೆಂಬರಿನಲ್ಲಿ. ಆಗ ಬ್ರಿಟನ್ನಿನಲ್ಲಿ ತೈಲದ ಬಿಕ್ಕಟ್ಟು, ಗಣಿ ಕಾರ್ಮಿಕರ ಹೋರಾಟ, ಕರೆಂಟಿಗೆ ಬರ. ಹೊಸ ವರ್ಷದಿಂದ ವಾರಕ್ಕೆ ಮೂರೇ ದಿನ ಕಾರ್ಖಾನೆಗೆ ಕರೆಂಟು ಅಂತ ಸರ್ಕಾರ ಸಾರಿತ್ತು. ಅಂಥ ಚಳಿಗಾಲದಲ್ಲಿ ಈ ಹಾಡಿಗೆ ಬಿಡುಗಡೆಗೆ ಮುಂಚೆಯೇ 5 ಲಕ್ಷ ಪ್ರತಿಗಳ ಬೇಡಿಕೆ ಬಂದಿತ್ತು. ಕೊನೆಗೆ 10 ಲಕ್ಷ ದಾಟಿತು. ಈಗಲೂ ಪ್ರತಿ ಡಿಸೆಂಬರಿನಲ್ಲಿ ಇಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಹಾಲು ತರಲು ಹೋದರೂ ಇದೇ ಹಾಡು. ಕೊನೆಯಲ್ಲಿ ಹೋಲ್ಡರ್ ಗಂಟಲು ಹರಿಯುವ ಹಾಗೆ ಕೂಗುವುದನ್ನು ಕೇಳಿದಾಗಲೆಲ್ಲ ನನಗೆ ಅದರ ಹಿಂದೆ ತುಣುಕು ತುಣುಕಾಗಿ ಹೊಂದಿಸಿದ ಡ್ರಮ್ಸ್ ನೆನಪಾಗುತ್ತದೆ. ಸಂಗ್ರಹದಲ್ಲಿ ಎಲ್ಲಕ್ಕಿಂತ ಸುಲಭವಾಗಿ ಸಿಗುವ ಪ್ಲೇಟು ಇದು. ಅದರ ಹಿಂದಿನ ‘ಡೋಂಟ್ ಬ್ಲೇಮ್ ಮಿ’ ಯಾವುದು ಅಂತ ಕೇಳಿ ನೋಡಿ, ಹೇಳುವವರು ಕಮ್ಮಿ.

ಆ ತೈಲದ ಬಿಕ್ಕಟ್ಟು ಪ್ಲೇಟುಗಳಲ್ಲೂ ಇಳಿದಿದೆ. ವಿನೈಲ್ ಆಗುವುದು ಪೆಟ್ರೋಲಿಯಂನಿಂದ. ಕಚ್ಚಾ ಮಾಲಿಗೆ ಬರ ಬಂದಾಗ ಕಂಪನಿಗಳು ಪ್ಲೇಟುಗಳನ್ನು ತೆಳ್ಳಗೆ ಮಾಡಿದವು.

ಇಳಿಜಾರು ಶುರುವಾದದ್ದು ಒಂದು ಅಪರೂಪದ ಹಾಡಿನಿಂದ ಅನ್ನುವುದು ನನಗೆ ಇವತ್ತಿಗೂ ನೋವಿನ ಸಂಗತಿ. 1975ರಲ್ಲಿ ಸ್ಲೇಡ್ ನಟಿಸಿದ ಒಂದು ಸಿನಿಮಾ ಬಂತು. ‘ಫ್ಲೇಮ್’ ಅಂತ. ಹೆಸರು ಮಾಡುವ ಒಂದು ತಂಡವನ್ನು ದುಡ್ಡಿನವರು ಹೇಗೆ ಹಿಂಡಿ ಬಿಸಾಡುತ್ತಾರೆ ಅನ್ನುವ ಕಥೆ. ನಗುನಗುತ್ತಾ ಕುಣಿಯುವ ಸ್ಲೇಡ್ ನೋಡಲು ಹೋದ ಹುಡುಗರಿಗೆ ಅದು ರುಚಿಸಲಿಲ್ಲ. ಆ ಸಿನಿಮಾದ ಹಾಡು ‘ಹೌ ಡಸ್ ಇಟ್ ಫೀಲ್’. ಒಂಟಿ ಪಿಯಾನೊದಿಂದ ಶುರುವಾಗುತ್ತದೆ. ಚಪ್ಪಾಳೆ ಇಲ್ಲ, ಬೂಟು ಇಲ್ಲ. ಹೋಲ್ಡರ್ ಮೊದಲು ತಗ್ಗಿದ ದನಿಯಲ್ಲಿ ಹಾಡುತ್ತಾರೆ. ನಿಧಾನವಾಗಿ ಹಿತ್ತಾಳೆ ವಾದ್ಯಗಳು ಬಂದು ಸೇರಿ ಹಾಡು ಎತ್ತರಕ್ಕೆ ಏರುತ್ತದೆ. ನನ್ನ ಲೆಕ್ಕದಲ್ಲಿ ಸ್ಲೇಡ್ ಮಾಡಿದ ಅತ್ಯುತ್ತಮ ಹಾಡು ಇದೇ. ಚಾರ್ಟಿನಲ್ಲಿ 15ನೇ ಸ್ಥಾನಕ್ಕೆ ನಿಂತಿತು. ‘ಕಾಜ್ ಐ ಲವ್ ಯು’ ಆದ ಮೇಲೆ ಮೊದಲ ಸಲ ಮೊದಲ ಹತ್ತರ ಹೊರಗೆ.

ಆಮೇಲೆ ಅಮೆರಿಕವನ್ನು ಗೆಲ್ಲಬೇಕು ಅಂತ ಅಲ್ಲೇ ಹೋಗಿ ಉಳಿದರು. ಗೆಲ್ಲಲಾಗಲಿಲ್ಲ. ವಾಪಸ್ ಬರುವಷ್ಟರಲ್ಲಿ ಬ್ರಿಟನ್ನಿನಲ್ಲಿ ಪಂಕ್ ಅನ್ನುವ ಹೊಸ ರಾಕ್ ಅಲೆ ಬಂದು ಎಲ್ಲವನ್ನೂ ಬದಲಿಸಿತ್ತು. ಹಳೇ ಹುಡುಗರು ದೊಡ್ಡವರಾಗಿ ಬೇರೆ ದಾರಿ ಹಿಡಿದಿದ್ದರು. ಹೊಸ ಹುಡುಗರಿಗೆ ಇವರು ಯಾರೋ. 1977ರಲ್ಲಿ ಬಂದ ಆಲ್ಬಮ್ಮಿಗೆ ‘ಸ್ಲೇಡ್‌ಗೆ ಏನಾಯಿತು’ ಅನ್ನುವ ಅರ್ಥದ ಹೆಸರನ್ನೇ ಇಟ್ಟರು. ಅದು ಚಾರ್ಟನ್ನೇ ಮುಟ್ಟಲಿಲ್ಲ.

ನಾನು ಮೊದಲೇ ಹೇಳಿದ ವರ್ಷಗಳು ಇಲ್ಲಿಂದ ಶುರು. ಈಗ ಲೇಬಲ್ ಕೂಡ ಬದಲಾಯಿತು. ಚಾಸ್ ಚಾಂಡ್ಲರ್ ಅವರ ಸ್ವಂತ ಕಂಪನಿ ‘ಬಾರ್ನ್’. ಮೊದಲ ಪ್ಲೇಟು ‘ಜಿಪ್ಸಿ ರೋಡ್‌ಹಾಗ್’. ಮಕ್ಕಳ ಟೀವಿ ಕಾರ್ಯಕ್ರಮ ಒಂದರಲ್ಲಿ ಹಾಡಿದರು. ಹಾಡಿನ ಕಥೆಯಲ್ಲಿ ಮಾದಕ ವಸ್ತುವಿನ ಮಾತಿದೆ ಅಂತ ಗಲಾಟೆಯಾಯಿತು. 48ನೇ ಸ್ಥಾನಕ್ಕೇ ಮುಗಿಯಿತು. ಅದಾದ ಮೇಲೆ ಬಂದ ‘ಬರ್ನಿಂಗ್ ಇನ್ ದ ಹೀಟ್ ಆಫ್ ಲವ್’ ಎಲ್ಲೂ ಕಾಣಿಸಲಿಲ್ಲ. ಎಲ್ವಿಸ್ ತೀರಿಕೊಂಡಾಗ ಅವರ ಹಳೇ ಹಾಡುಗಳನ್ನು ಸೇರಿಸಿ ಹಾಡಿದ ಪ್ಲೇಟು 32ರವರೆಗೆ ಹೋಯಿತು. ಆಮೇಲೆ ಫುಟ್‌ಬಾಲ್ ಮೇಲೆ ಬರೆದ ‘ಗಿವ್ ಅಸ್ ಎ ಗೋಲ್’, ಜಿಮ್ ಲೀ ಮತ್ತೆ ವಯಲಿನ್ ಎತ್ತಿಕೊಂಡ ‘ರಾಕ್ ಎನ್ ರೋಲ್ ಬೊಲೆರೊ’, ‘ಜಿನ್ನಿ ಜಿನ್ನಿ’, ‘ಸೈನ್ ಆಫ್ ದ ಟೈಮ್ಸ್’. ಒಂದಾದ ಮೇಲೆ ಒಂದು. ಒಂದೂ ಚಾರ್ಟಿಗೆ ಬರಲಿಲ್ಲ. 1979ರಲ್ಲಿ ಪವೆಲ್ ಹುಟ್ಟಿದ ಬಿಲ್ಸ್ಟನ್ನಿನ ಉಕ್ಕಿನ ಕಾರ್ಖಾನೆಯೂ ಬಾಗಿಲು ಹಾಕಿತು.

ನನ್ನ ಬಳಿ ಇರುವ ‘ಬರ್ನಿಂಗ್’ ಪ್ರತಿಯ ಲೇಬಲ್ ಮೇಲೆ ಒಂದು ಗೀರೂ ಇಲ್ಲ. ತೂತಿನ ಸುತ್ತ ಅಚ್ಚಾದ ದಿನದ ಹಾಗೇ ಇದೆ. ಗೆರೆಗಳು ಕಪ್ಪಗೆ ಹೊಳೆಯುತ್ತವೆ. ಹೆಸರು ಬರೆದವರೂ ಇಲ್ಲ. ವ್ಯಾಪಾರಿಗೆ ಇದಕ್ಕಿಂತ ಒಳ್ಳೆ ಪ್ರತಿ ಬೇಕಿಲ್ಲ. ಅದನ್ನು ಕೈಯಲ್ಲಿ ಹಿಡಿದಾಗ ಮಾತ್ರ ನನಗೆ ಎದೆ ಭಾರವಾಯಿತು. ಅಷ್ಟು ವರ್ಷ ಯಾರೂ ಹಾಕಿ ಕೇಳದ ಹಾಡು ಅದು. ಸೂಜಿ ಇಳಿಸಿದೆ. ಚಿಟಿಪಿಟಿ ಸದ್ದೂ ಇಲ್ಲದೆ ಹಾಡು ಶುರುವಾಯಿತು. ಅದರಲ್ಲಿ ಸೋತವರ ದನಿ ಇರಲಿಲ್ಲ. ಹೋಲ್ಡರ್ 1973ರಲ್ಲಿ ಹಾಡಿದಷ್ಟೇ ಜೋರಾಗಿ, ಎದುರಿಗೆ ಹತ್ತು ಸಾವಿರ ಜನ ಇದ್ದಾರೆ ಅನ್ನುವ ಹಾಗೇ ಹಾಡುತ್ತಿದ್ದಾರೆ. ಗಿಟಾರ್ ಇನ್ನೂ ಗಟ್ಟಿಯಾಗಿದೆ. ಆಗ ಅವರು ನುಡಿಸುತ್ತಿದ್ದದ್ದು ಸಣ್ಣ ಕ್ಲಬ್ಬುಗಳಲ್ಲಿ, ಕಾಲೇಜುಗಳಲ್ಲಿ. ಕೇಳುವವರು ಕಮ್ಮಿಯಾದರು ಅಂತ ಹಾಡುವುದರಲ್ಲಿ ಕೈ ಬಿಗಿ ಹಿಡಿದ ಗುರುತು ಆ ಪ್ಲೇಟುಗಳಲ್ಲಿ ನನಗೆ ಎಲ್ಲೂ ಸಿಕ್ಕಿಲ್ಲ. ಎಲ್ಲ ಹಾಡುಗಳೂ ಚೆನ್ನಾಗಿವೆ ಅಂತ ಹೇಳುವುದಿಲ್ಲ. ‘ಗಿವ್ ಅಸ್ ಎ ಗೋಲ್’ ಎರಡನೇ ಸಲ ಕೇಳುವ ಹಾಡಲ್ಲ. ಆದರೆ ‘ಬೊಲೆರೊ’ದಲ್ಲಿ ವಯಲಿನ್ ಎದ್ದು ಬರುವ ಜಾಗ ಕೇಳಿ. ಅದು 1971ರಲ್ಲಿ ‘ಕಾಜ್ ಐ ಲವ್ ಯು’ ಹಾಡನ್ನು ಒಂದನೇ ಸ್ಥಾನಕ್ಕೆ ಒಯ್ದ ಅದೇ ಕೈ.

ದುಬಾರಿ ಅಂದರೆ ಇದಕ್ಕಿಂತ ದುಬಾರಿ ಪ್ಲೇಟುಗಳೂ ಇವೆ. ಸ್ಲೇಡ್ ಆಗುವ ಮುಂಚೆ ಇವರು ‘ಎನ್ ಬಿಟ್ವೀನ್ಸ್’ ಅಂತ ಹೆಸರಿಟ್ಟುಕೊಂಡಿದ್ದರು. 1966ರಲ್ಲಿ ‘ಯು ಬೆಟರ್ ರನ್’ ಅನ್ನುವ ಸಿಂಗಲ್ ಮಾಡಿದರು. ಅದೇ ಹೊತ್ತಿಗೆ ಅದೇ ಸೀಮೆಯ ಇನ್ನೊಂದು ತಂಡವೂ ಅದೇ ಹಾಡಿನ ಪ್ಲೇಟು ತಂದಿತು. ಅದರಲ್ಲಿ ಹಾಡಿದವರು ರಾಬರ್ಟ್ ಪ್ಲಾಂಟ್. ಮುಂದೆ ಲೆಡ್ ಜೆಪ್ಲಿನ್ ಅನ್ನುವ ಹೆಸರಾಂತ ರಾಕ್ ತಂಡ ಸೇರಿದ ಅದೇ ಪ್ಲಾಂಟ್. 1969ರಲ್ಲಿ ‘ಆಂಬ್ರೋಸ್ ಸ್ಲೇಡ್’ ಹೆಸರಿನಲ್ಲಿ ಫಾಂಟಾನಾ ಲೇಬಲ್ಲಿಗೆ ಮಾಡಿದ ‘ಜೆನೆಸಿಸ್’ ಕೂಡ ನೂರಾರು ಪೌಂಡಿನ ಪ್ಲೇಟು. ಅವುಗಳ ಹಿಂದೆ ನಾನು ಬಿದ್ದಿಲ್ಲ, ಬೀಳುವ ಮನಸ್ಸೂ ಇಲ್ಲ. ಹೆಸರು ಬರುವ ಮುಂಚಿನ ಸೋಲು ಎಲ್ಲ ತಂಡಗಳಿಗೂ ಇರುತ್ತದೆ. ಹೆಸರು ಹೋದ ಮೇಲೂ ಬೆಳಿಗ್ಗೆ ಎದ್ದು ವ್ಯಾನ್ ಹತ್ತಿ ಇನ್ನೊಂದು ಊರಿಗೆ ಹಾಡಲು ಹೋಗುವುದಿದೆಯಲ್ಲ, ಅದಕ್ಕೆ ಬೇರೆಯದೇ ಗಟ್ಟಿತನ ಬೇಕು. ನನಗೆ ಆ ಗಟ್ಟಿತನದ ಪ್ಲೇಟುಗಳು ಬೇಕು.

1980ರ ಆಗಸ್ಟ್. ರೀಡಿಂಗ್ ಸಂಗೀತ ಉತ್ಸವಕ್ಕೆ ಬರಬೇಕಿದ್ದ ಹೆವಿ ಮೆಟಲ್ ಹಾಡುಗಾರ ಆಝಿ ಆಸ್ಬರ್ನ್ ಬರುವುದಿಲ್ಲ ಅಂತಾಯಿತು. ಕೊನೇ ಗಳಿಗೆಯಲ್ಲಿ ಸ್ಲೇಡ್‌ಗೆ ಕರೆ ಬಂತು. ಡೇವ್ ಹಿಲ್ ಅಷ್ಟರಲ್ಲಿ ತಂಡವನ್ನು ಹೆಚ್ಚುಕಮ್ಮಿ ಬಿಟ್ಟಿದ್ದರು. ತಮ್ಮ ರೋಲ್ಸ್ ರಾಯ್ಸ್ ಕಾರಿನಲ್ಲಿ ಮದುವೆ ಜೋಡಿಗಳನ್ನು ಕರೆದೊಯ್ಯುವ ಕೆಲಸ ಹಿಡಿಯುವ ಯೋಚನೆಯಲ್ಲಿದ್ದರು. ಚಾಂಡ್ಲರ್ ಒಪ್ಪಿಸಿ ಕರೆತಂದರು. ಪೋಸ್ಟರಿನಲ್ಲಿ ಹೆಸರೇ ಇಲ್ಲದ ತಂಡ ವೇದಿಕೆ ಹತ್ತಿತು. ಹೆವಿ ಮೆಟಲ್ ಕೇಳಲು ಬಂದಿದ್ದ ಜನ ಇವರ ಜೊತೆ ಸೇರಿ ಹಾಡಿದರು. ಬೇಸಿಗೆಯ ಮೈದಾನದಲ್ಲಿ ಕ್ರಿಸ್‌ಮಸ್ ಹಾಡು ಬೇಕು ಅಂತ ಹಟ ಹಿಡಿದರು. ಮುಂದಿನ ವರ್ಷ ‘ವೀ ವಿಲ್ ಬ್ರಿಂಗ್ ದ ಹೌಸ್ ಡೌನ್’ 10ನೇ ಸ್ಥಾನಕ್ಕೆ ಹೋಯಿತು. 1983ರಲ್ಲಿ ‘ಮೈ ಓ ಮೈ’ ಎರಡನೇ ಸ್ಥಾನಕ್ಕೆ. ಅದೇ ವರ್ಷ ಅಮೆರಿಕದ ಕ್ವಾಯೆಟ್ ರಯಟ್ ತಂಡ ‘ಕಮ್ ಆನ್ ಫೀಲ್ ದ ನಾಯ್ಸ್’ ಹಾಡಿ ಅಲ್ಲಿ 5ನೇ ಸ್ಥಾನ ಹಿಡಿಯಿತು. ಸ್ಲೇಡ್ ಹಾಡಿದ್ದು ಅಲ್ಲಿ 98ಕ್ಕೆ ನಿಂತಿತ್ತು. ಆ ಹೊಸ ಹವಾದಲ್ಲಿ 1984ರ ‘ರನ್ ರನ್‌ಅವೇ’ ಅಮೆರಿಕದಲ್ಲೂ 20ರವರೆಗೆ ಏರಿತು. 1992ರಲ್ಲಿ ಈ ನಾಲ್ವರ ಜೊತೆಗಾರಿಕೆ ಮುಗಿಯಿತು.

80ರ ದಶಕದ ಪ್ಲೇಟುಗಳೂ ಸುಲಭಕ್ಕೆ ಸಿಗುತ್ತವೆ. ಅವುಗಳಿಗೆ ಚಿತ್ರದ ಕವರ್ ಇದೆ. ಒಂದು ಸಾಲು ಪೂರ್ತಿ ಮಾಡಲು ಹೆಚ್ಚು ದುಡ್ಡು ಬೇಡ. ಹೊಸದಾಗಿ ಅಚ್ಚು ಹಾಕಿದ ಬಾಕ್ಸ್ ಸೆಟ್ಟುಗಳೂ ಬಂದಿವೆ. ಸುಮ್ನೆ ಹಾಡು ಕೇಳಬೇಕು ಅನ್ನುವವರಿಗೆ ಅವು ಸಾಕು. ನನಗೆ ಮಾತ್ರ ಆಗಿನ ವಾರ, ಆಗಿನ ಅಂಗಡಿಯಿಂದ ಹೊರಟ ಪ್ರತಿಯೇ ಬೇಕು. ಬಾರ್ನ್ ಲೇಬಲ್ಲಿನ ಆ ನಾಲ್ಕು ವರ್ಷಗಳನ್ನು ಸಾಲಾಗಿ ಜೋಡಿಸಿಟ್ಟು ಒಂದೇ ಸಂಜೆ ಕೇಳಬೇಕು ಅನ್ನುವುದು ನನ್ನ ಆಸೆ.

ಅದಕ್ಕೆ ಇನ್ನೂ ಎರಡು ಕೊರತೆ. 1979ರ ‘ಜಿನ್ನಿ ಜಿನ್ನಿ’, ಹಳದಿ ವಿನೈಲ್‌ನಲ್ಲಿ ಬಂದದ್ದು. ಅದೇ ವರ್ಷದ ‘ಸೈನ್ ಆಫ್ ದ ಟೈಮ್ಸ್’. ಇಂಗ್ಲೆಂಡಿನಲ್ಲೋ ಬೆಂಗಳೂರಿನಲ್ಲೋ ಯಾರ ಅಟ್ಟದ ಮೇಲಾದರೂ ಇದ್ದರೆ ತಿಳಿಸಿ. ನ್ಯಾಯವಾದ ಬೆಲೆ ಕೊಡುತ್ತೇನೆ. ಗೀರು ಬಿದ್ದಿದ್ದರೂ ಪರವಾಗಿಲ್ಲ. ಲೇಬಲ್ ಮೇಲೆ ಯಾರದಾದರೂ ಹೆಸರು ಬರೆದಿದ್ದರೆ ಇನ್ನೂ ಸಂತೋಷ.